ಕಳಚಿಟ್ಟ ಹಾರ್ನು

“ಸುಟ್ಟದ್ದು ನೀನೇ. ಮೂರು ಸಲವೂ ಆಂಪ್ಲಿಫೈಯರಿನ ಎದುರು ಕೂತದ್ದು ನೀನಾ, ನಾನಾ?”

“ನಾನೇ ಕೂತದ್ದು. ಅದು ನಾನು ಕಟ್ಟಿದ ಆಂಪ್ಲಿಫೈಯರ್. ನಾನು ಕಟ್ಟಿದ್ದನ್ನು ನಾನೇ ಸುಡ್ಲಿಕ್ಕೆ ನನಗೆಂತ ಹುಚ್ಚಾ? ಮೂರು ಸಲವೂ ಹಾರ್ನಿನ ವಯರ್ ಕಳಚಿಟ್ಟದ್ದು ಯಾರು, ಅದನ್ನು ಹೇಳು.”

“ನಾನೇ ಕಳಚಿದ್ದು. ಅದಕ್ಕೆಂತ? ಗಾಡಿಯಿಂದ ಮೂಟೆ ಇಳಿಸಿದರೆ ಎತ್ತು ಸಾಯ್ತದಾ?”

ಬಿ.ಸಿ. ರೋಡಿನ ಎಸ್.ಎಸ್. ಸೌಂಡ್ಸ್ ಅಂಗಡಿಯೊಳಗೆ ಒಂದು ದೊಡ್ಡ ಸ್ಪೀಕರಿನ ಮೇಲೆ ಕೂತು ವಾರಿಜಾಕ್ಷಿ ಈ ಜಗಳ ಕೇಳುತ್ತಿದ್ದಳು. ಅವಳಿಗೆ ಚಿಂತೆಯಾದದ್ದು ಮಾತಿನಿಂದಲ್ಲ, ಭಾಷೆಯಿಂದ.

ಶಿವಕೃಷ್ಣ ಮತ್ತು ಸುಲೈಮಾನ್ ಪಾಲುದಾರರಾದ ದಿನದಿಂದ ಜಗಳವಾಡಿಕೊಂಡೇ ಬಂದವರು. ಆದರೆ ಇಷ್ಟು ವರ್ಷ ಆಡಿದ್ದು ತುಳುವಿನಲ್ಲಿ. ತುಳುವಿನಲ್ಲಿ ಒಬ್ಬರಿಗೊಬ್ಬರು ಏನು ಅಂದುಕೊಂಡರೂ ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಹೋಗುತ್ತಿದ್ದರು. ಇವತ್ತು ಅಂಗಡಿ ತೆರೆದಾಗಿನಿಂದ ಕನ್ನಡದಲ್ಲಿ ಬೈದುಕೊಳ್ಳುತ್ತಿದ್ದಾರೆ. ಕನ್ನಡವೆಂದರೆ ತಾಲೂಕು ಆಫೀಸಿನ ಭಾಷೆ, ಹೆಡ್‌ಮಾಸ್ಟರರ ಭಾಷೆ, ವಕೀಲರ ನೋಟೀಸಿನ ಭಾಷೆ. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದ ಕಾಲದಲ್ಲಿ ವಾರಿಜಾಕ್ಷಿ ಇದನ್ನು ಚೆನ್ನಾಗಿ ಕಲಿತಿದ್ದಳು. ಗಂಡ ಹೆಂಡತಿ ತುಳುವಿನಲ್ಲಿ ಕೂಗಾಡುತ್ತಾ ಬಂದರೆ ನೀರು ಕುಡಿಸಿ ಕಳಿಸಬಹುದು. ಕನ್ನಡದಲ್ಲಿ ಮೆಲ್ಲಗೆ ಮಾತಾಡುತ್ತಾ ಬಂದರೆ ಬೆಂಚು ಖಾಲಿ ಮಾಡಿಸಿ ಕೂರಿಸಬೇಕು.

ಎಸ್.ಎಸ್. ಸೌಂಡ್ಸಿನ ಮೂರು ಆಂಪ್ಲಿಫೈಯರುಗಳು ಒಂದರ ಹಿಂದೆ ಒಂದು ಸುಟ್ಟುಹೋಗಿದ್ದವು. ಮೊದಲನೆಯದು ಬಂಟ್ವಾಳದ ಮದುವೆಯಲ್ಲಿ, ಎರಡನೆಯದು ಬೆಳ್ತಂಗಡಿಯ ತಾಳಮದ್ದಳೆಯಲ್ಲಿ, ಮೂರನೆಯದು ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳ ಹಾಡು-ಕುಣಿತದ ನಡುವೆ. ಮೂರನ್ನೂ ಕಟ್ಟಿದ್ದು ಸುಲೈಮಾನ್. ಶಾರ್ಜಾದ ಹೋಟೆಲೊಂದರಲ್ಲಿ ಹತ್ತು ವರ್ಷ ಸೌಂಡಿನ ಕೆಲಸ ಮಾಡಿ ಬಂದ ಕೈ ಅದು. ಮೂರರ ಎದುರಲ್ಲೂ ಕೂತದ್ದು ಅವನೇ. ಇವತ್ತು ಸಂಜೆ ಐದಕ್ಕೆ ಇಲ್ಲೇ ಬಿ.ಸಿ. ರೋಡಿನಲ್ಲಿ ಸೌಂಡಿನವರ ಸಂಘದ ಸಭೆ. ಪಾಲುದಾರನೇ ಸುಟ್ಟದ್ದು ಎಂದು ಶಿವಕೃಷ್ಣ ಸಭೆಯಲ್ಲಿ ಎದ್ದು ಹೇಳಿದರೆ, ಪಾಣೆಮಂಗಳೂರಿನಿಂದ ಚಾರ್ಮಾಡಿಯ ತನಕ ಯಾವ ಸಭಾಭವನದಲ್ಲೂ ಸುಲೈಮಾನನಿಗೆ ಒಂದು ಮೈಕು ಮುಟ್ಟಲು ಬಿಡುವವರಿಲ್ಲ.

ಸಂಘದ ಅಧ್ಯಕ್ಷ ಬೆಳ್ತಂಗಡಿಯ ಅಬ್ದುಲ್ ರಹಿಮಾನ್ ಇದನ್ನು ವಾರಿಜಾಕ್ಷಿಯ ಕುತ್ತಿಗೆಗೆ ಕಟ್ಟಿದ್ದರು. ಅವಳು ಇನ್‌ಸ್ಪೆಕ್ಟರೊಬ್ಬರ ಮುಖದ ಮೇಲೆ ಹೇಳಬಾರದ್ದನ್ನು ಹೇಳಿ ನೌಕರಿ ಬಿಟ್ಟವಳು. ಈಗ ಮಾಡುತ್ತಿರುವುದು ಮದುವೆಯ ವಿಚಾರಣೆ. ಹುಡುಗ ಹೇಳಿದ ಕೆಲಸದಲ್ಲಿ ಇದ್ದಾನಾ, ಸಂಜೆ ಯಾವ ದಾರಿಯಲ್ಲಿ ಮನೆಗೆ ಬರುತ್ತಾನೆ, ಹುಡುಗಿಯ ಅತ್ತೆಯಾಗುವವಳ ನಾಲಿಗೆ ಎಷ್ಟು ಉದ್ದ, ಇಂಥದ್ದು. ಸುಟ್ಟ ಆಂಪ್ಲಿಫೈಯರ್ ತನಗೆ ತಿಳಿಯದ ವಿಷಯ ಎಂದು ಅವಳು ಹೇಳಿದಾಗ ಅಬ್ದುಲ್ ರಹಿಮಾನ್, ಇದೂ ಒಂದು ಸಂಸಾರವೇ ಅಲ್ಲವಾ ಅಕ್ಕ, ನೀವೇ ಸರಿ ಅಂದಿದ್ದರು.

ಸಂಸಾರ ನಿಜ. ಬಾಗಿಲ ಮೇಲಿನ ಬೋರ್ಡಿನಲ್ಲಿರುವ ಎರಡು ಎಸ್‌ಗಳಲ್ಲಿ ಯಾರದ್ದು ಯಾವುದು ಎಂದು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಈಗ ಪಾಲಾದರೆ ಮೊದಲನೆಯ ಎಸ್ ತನ್ನದೆಂದು ಇಬ್ಬರೂ ಹೇಳುತ್ತಿದ್ದರು.

ಕೆಲಸ ಮಾತ್ರ ಮೊದಲೇ ಪಾಲಾಗಿತ್ತು. ಆಂಪ್ಲಿಫೈಯರ್ ಮತ್ತು ಅದರ ವಾಲ್ಯೂಮ್ ಸುಲೈಮಾನನದ್ದು. ಸ್ಪೀಕರು, ಚೂಪು ಸ್ವರ ಕೂಗುವ ಹಾರ್ನು, ವಯರು, ನಡುವಿನ ಫಿಲ್ಟರ್ ಪೆಟ್ಟಿಗೆ ಶಿವಕೃಷ್ಣನದ್ದು. ಹಿಂದೆ ಯಾವುದೋ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಇಬ್ಬರೂ ಒಂದೇ ನಾಬ್ ತಿರುಗಿಸಲು ಹೋಗಿ, ಮೈಕು ಹಂದಿಯ ಹಾಗೆ ಕಿರುಚಿ, ಪುರೋಹಿತರ ಕೈಯಿಂದ ಅಕ್ಷತೆ ಬಿದ್ದಿತ್ತು. ಅಂದಿನಿಂದ ಶಿವಕೃಷ್ಣ ವಾಲ್ಯೂಮಿಗೆ ಕೈ ಹಾಕಿದವನಲ್ಲ. ಅಂಗಡಿಯಲ್ಲಿ ಧೂಳು ಒರೆಸುವಾಗಲೂ ಆ ನಾಬಿನ ಸುತ್ತ ಬಿಟ್ಟು ಒರೆಸುವವನು.

ಹಾಗಾಗಿ ಯಾರಾದರೂ ಬಂದು ಸೌಂಡು ಕಡಿಮೆ ಮಾಡಿ ಎಂದರೆ ಅವನಿಗೆ ಇದ್ದದ್ದು ಒಂದೇ ದಾರಿ. ಬಂಟ್ವಾಳದ ಮದುವೆಯಲ್ಲಿ ಮದುಮಗಳ ಸೋದರತ್ತೆ, ಹಾರ್ನಿನ ಕಿರುಚಾಟದಲ್ಲಿ ಪಕ್ಕದವಳ ಮಾತೇ ಕೇಳುವುದಿಲ್ಲ ಎಂದು ದೂರಿದ್ದಳು. ಬೆಳ್ತಂಗಡಿಯಲ್ಲಿ ಪಾತ್ರದ ಮಾತು ಹೇಳುವ ಹಿರಿಯ ಅರ್ಥಧಾರಿಯೊಬ್ಬರು ಹಾರ್ನು ಕಿವಿ ಕಚ್ಚುತ್ತದೆ ಅಂದಿದ್ದರು. ಸುಲೈಮಾನನ ಹತ್ತಿರ ಹೋಗಿ ಬಾಯಿ ಬಿಟ್ಟು ಕೇಳುವ ಬದಲು ಶಿವಕೃಷ್ಣ ಪೆಟ್ಟಿಗೆಯ ಹಿಂದೆ ಬಗ್ಗಿ ಹಾರ್ನಿನ ವಯರನ್ನೇ ಕಳಚಿದ. ಎತ್ತಿಗೆ ಮೂಟೆ ಇಳಿಯಿತು ಎಂದು ಅವನ ವಾದ.

ಅದನ್ನು ಸುಲೈಮಾನನೂ ಒಪ್ಪುತ್ತಿದ್ದ. ಹಾರ್ನು ತೆಗೆದರೆ ಆಂಪ್ಲಿಫೈಯರಿಗೆ ಭಾರ ಕಡಿಮೆ, ಅದರಿಂದ ಸುಡುವುದಿಲ್ಲ, ಸುಡುವುದಾದರೆ ಆ ಪೆಟ್ಟಿಗೆಯಲ್ಲೇ ಏನೋ ತಪ್ಪು ಉಂಟು ಎಂದು ಅವನು ಗೊಣಗಿದ. ಬೆಳಿಗ್ಗೆಯಿಂದ ಇಬ್ಬರೂ ಒಂದೇ ಅಭಿಪ್ರಾಯ ಹೇಳಿದ್ದು ಇದೊಂದು ವಿಷಯದಲ್ಲಿ. ಅಷ್ಟಕ್ಕೇ ವಾರಿಜಾಕ್ಷಿಗೆ ಅನುಮಾನ ಬಂತು. ಈ ಇಬ್ಬರು ಒಪ್ಪುವ ವಿಷಯ ಸರಿ ಇರಲು ಸಾಧ್ಯವೇ ಇಲ್ಲ ಎಂದುಕೊಂಡು ಅವಳು ಸ್ಪೀಕರಿನಿಂದ ಇಳಿದಳು.

“ಇಬ್ಬರೂ ಸ್ವಲ್ಪ ಬಾಯಿ ಮುಚ್ಚಿ. ಈ ಪೆಟ್ಟಿಗೆ ಮಾಡಿದ್ದು ಯಾರು?”

ಲೆಕ್ಕ ಹಾಕಿ ಕೊಟ್ಟದ್ದು ಮೂಡುಬಿದಿರೆಯ ದೇವಿಪ್ರಸಾದ್ ಮಾಷ್ಟ್ರು, ಅಲ್ಲಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವರು, ಎಂದ ಶಿವಕೃಷ್ಣ. ವಾರಿಜಾಕ್ಷಿ ಒಂದು ಫಿಲ್ಟರ್ ಪೆಟ್ಟಿಗೆಯನ್ನು ಬಟ್ಟೆಯ ಚೀಲಕ್ಕೆ ಹಾಕಿ ಹೆಗಲಿಗೇರಿಸಿದಳು. ಎಲ್ಲಿಗೆ ಎಂದು ಕೇಳಿದ. ಅಲ್ಲಿಗೇ ಅಂದಳು.

ಶಿವಕೃಷ್ಣ ಅವಳ ಹೆಗಲಿನ ಚೀಲವನ್ನು ನೋಡಿದ. ಆಮೇಲೆ ನಕ್ಕ.

“ಹೋಗಿ ಅಕ್ಕ. ಮಾಷ್ಟ್ರು ಸಂಜೆಯೊಳಗೆ ಬಿಟ್ಟರೆ ನಿಮ್ಮ ಪುಣ್ಯ.”

*

ದೇವಿಪ್ರಸಾದ್ ಮಾಷ್ಟ್ರ ಮನೆಯ ಜಗಲಿಯಲ್ಲಿ ಅವಳು ಚೀಲದಿಂದ ಪೆಟ್ಟಿಗೆ ತೆಗೆದದ್ದೇ ತಡ, ಒಳಗಿನಿಂದ ಮಾಷ್ಟ್ರ ಹೆಂಡತಿ ಇಣುಕಿ ನೋಡಿ, ಚಪ್ಪಲಿ ಮೆಟ್ಟಿ, ಪಕ್ಕದ ಮನೆಗೆ ಹೋಗಿಬರುತ್ತೇನೆಂದು ಹೊರಟೇಬಿಟ್ಟರು. ಈ ಮನೆಯಲ್ಲಿ ಫಿಲ್ಟರಿನ ಮಾತು ಎದ್ದರೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು.

ಮಾಷ್ಟ್ರ ಮುಖ ಮಾತ್ರ ಅರಳಿತು. ಅವರು ಶನಿವಾರದ ರಜೆಯನ್ನು ಒಬ್ಬ ಕೇಳುಗನಿಗಾಗಿ ಕಾಯುತ್ತಾ ಕಳೆಯುವ ಜಾತಿಯವರು.

ಮೊದಲು ಅವರು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ತೋರಿಸಿದರು. ಒಳಗೆ ತಾಮ್ರದ ತಂತಿಯ ಒಂದೆರಡು ಸುರುಳಿ, ಸಣ್ಣ ಡಬ್ಬಿಗಳಂಥ ಒಂದೆರಡು ಕೆಪಾಸಿಟರ್, ಅಷ್ಟೇ. ದಪ್ಪ ಸ್ವರವನ್ನು ದೊಡ್ಡ ಸ್ಪೀಕರಿಗೆ, ಚೂಪು ಸ್ವರವನ್ನು ಹಾರ್ನಿಗೆ ಕಳಿಸುವುದು ಇದರ ಕೆಲಸ. ಇದಕ್ಕೆ ಬೇರೆ ಕರೆಂಟು ಬೇಡ. ಸ್ವಿಚ್ಚೂ ಇಲ್ಲ.

“ಆದರೆ ಅಮ್ಮ, ಹಾರ್ನು ಎಂಟು ಓಮಿನದ್ದು ಎಂದು ಹಿಡಿದು ನಾನು ಸುರುಳಿ ಎಷ್ಟು, ಕೆಪಾಸಿಟರ್ ಎಷ್ಟು ಎಂದು ಲೆಕ್ಕ ಹಾಕಿದ್ದು. ತುದಿಯಲ್ಲಿ ಎಂಟು ಓಮ್ ಕೂತಿದ್ದರೆ ಮಾತ್ರ ಇದು ಫಿಲ್ಟರ್. ಆಂಪ್ಲಿಫೈಯರಿಗೆ ಪೆಟ್ಟಿಗೆ ಹೊಂದಬೇಕು, ಪೆಟ್ಟಿಗೆಗೆ ಹಾರ್ನು ಹೊಂದಬೇಕು. ಇಂಪೀಡೆನ್ಸ್ ಹೊಂದಿಸುವುದು ಅಂತ ಇದಕ್ಕೇ ಹೇಳುದು.”

ತನ್ನ ಕಸುಬೂ ಅದೇ ಎಂದಳು ವಾರಿಜಾಕ್ಷಿ. ತನ್ನಲ್ಲಿಗೆ ಬರುವವರೂ ಹುಡುಗನನ್ನು ಮಾತ್ರ ನೋಡುತ್ತಾರೆ, ತುದಿಯಲ್ಲಿ ಯಾರು ಕೂತಿದ್ದಾರೆ ಎಂದು ಕೇಳುವುದಿಲ್ಲ. ಆದರೆ ಅಲ್ಲಿ ಹೊಗೆ ಬರಲು ಒಂದೆರಡು ವರ್ಷವಾದರೂ ಬೇಕು.

ಅವಳಿಗೆ ಬೇಕಾಗಿದ್ದದ್ದು ಒಂದೇ ಉತ್ತರ. ಹಾರ್ನು ಕಳಚಿದರೆ ಆಂಪ್ಲಿಫೈಯರಿಗೆ ಭಾರ ಕಡಿಮೆಯಾಗುತ್ತದೆ, ಹೌದಾ ಅಲ್ಲವಾ?

ಮಾಷ್ಟ್ರು ಎದ್ದರು. ಮೇಜಿನ ಮೇಲೆ ಒಂದು ಹಳೆ ಆಂಪ್ಲಿಫೈಯರ್ ಇಟ್ಟರು. ಅದರಿಂದ ಪೆಟ್ಟಿಗೆಗೆ ಹೋಗುವ ತಂತಿಯ ನಡುವೆ ಸ್ಕೂಟರಿನ ಹೆಡ್‌ಲೈಟ್ ಬಲ್ಬೊಂದನ್ನು ಸಿಕ್ಕಿಸಿದರು. ತಂತಿಯಲ್ಲಿ ಎಷ್ಟು ಕರೆಂಟು ಹರಿಯುತ್ತದೋ ಬಲ್ಬು ಅಷ್ಟು ಉರಿಯುತ್ತದೆ, ಬಲ್ಬು ನಡುವೆ ಇದ್ದರೆ ಆಂಪ್ಲಿಫೈಯರಿಗೂ ಅಪಾಯವಿಲ್ಲ ಎಂದರು. ಮೊಬೈಲಿನಿಂದ ಒಂದು ಸ್ವರ ಬಿಟ್ಟರು. ಹಾರ್ನು ಕೂಗಿತು, ಬಲ್ಬು ಮಂಕಾಗಿ ಕೆಂಪಗೆ ಉರಿಯಿತು.

ಹಾರ್ನಿನ ವಯರ್ ಕಳಚಿದರು. ಬಲ್ಬು ಆರಿತು.

ಹಾಗಾದರೆ ಭಾರ ಕಡಿಮೆಯೇ ಆಯಿತಲ್ಲ, ಅವರಿಬ್ಬರು ಹೇಳಿದ್ದೇ ಸರಿಯಾಯಿತಲ್ಲ ಎಂದು ಅವಳಿಗೆ ಸಿಟ್ಟು ಬಂತು. ಬಸ್ಸಿನಲ್ಲಿ ಇಷ್ಟು ದೂರ ಕುಲುಕಿಸಿಕೊಂಡು ಬಂದದ್ದು ಇದಕ್ಕಾ?

ಮಾಷ್ಟ್ರು ಸಿಹಿತಿಂಡಿ ಬಚ್ಚಿಟ್ಟ ಹುಡುಗನ ಹಾಗೆ ನಗುತ್ತಾ ಮೊಬೈಲಿನ ಮೇಲೆ ಬೆರಳು ಎಳೆದರು. ಸ್ವರ ಏರತೊಡಗಿತು. ಬಲ್ಬು ಕತ್ತಲೆ. ಇನ್ನೂ ಏರಿತು, ಇನ್ನೂ ಕತ್ತಲೆ. ಆಮೇಲೆ ಚೂಪಾದ ಒಂದು ಜಾಗಕ್ಕೆ ಬಂದಾಗ ಬಲ್ಬು ಭಗ್ಗನೆ ಬೆಳ್ಳಗೆ ಉರಿಯಿತು. ವಾರಿಜಾಕ್ಷಿ ಕಣ್ಣು ಮುಚ್ಚಿಕೊಂಡಳು. ಸ್ವರ ಅಲ್ಲಿಂದ ಮೇಲೆ ಹೋದದ್ದೇ ಮತ್ತೆ ಕತ್ತಲೆ.

“ಆ ಒಂದು ಸ್ವರಕ್ಕೆ ಮಾತ್ರ,” ಎಂದರು ಮಾಷ್ಟ್ರು. “ಆಂಪ್ಲಿಫೈಯರಿನ ಎರಡು ತಂತಿ ಸೇರಿಸಿ ಗಂಟು ಹಾಕಿದ ಹಾಗೆ.”

ಹೇಗೆ ಎಂದು ಕೇಳಿದ್ದಕ್ಕೆ ಜೋಕಾಲಿಯ ಕಥೆ ಹೇಳಿದರು. ಸುರುಳಿ ಮತ್ತು ಕೆಪಾಸಿಟರ್ ಸೇರಿದರೆ ಒಂದು ಜೋಕಾಲಿ. ಹಾರ್ನು ಅದರ ಮೇಲೆ ಕೂತು ಎರಡೂ ಕಾಲನ್ನು ನೆಲಕ್ಕೆ ಉಜ್ಜುವ ದಪ್ಪ ಮಾವ. ಮಾವ ಕೂತಿರುವ ತನಕ ಎಷ್ಟು ದೂಡಿದರೂ ಜೋಕಾಲಿ ಹದ್ದುಮೀರುವುದಿಲ್ಲ. ಮಾವನನ್ನು ಇಳಿಸಿ, ಸರಿಯಾದ ಲಯದಲ್ಲಿ ಬೆರಳಿನಿಂದ ದೂಡಿದರೂ ಸಾಕು, ಹಲಗೆ ಹೋಗಿ ಮಾಡಿನ ಹಂಚಿಗೆ ಬಡಿಯುತ್ತದೆ. ಲಯ ತಪ್ಪಿದರೆ ಏನೂ ಆಗುವುದಿಲ್ಲ. ಈಗಿನ ಆಂಪ್ಲಿಫೈಯರುಗಳಾದರೆ ತಾವೇ ಬಂದ್ ಆಗುತ್ತವೆ. ಸುಲೈಮಾನನವು ಹಳೆ ಮಾದರಿಯವು. ಬಂದ್ ಆಗುವುದಿಲ್ಲ, ಪ್ರಾಣ ಬಿಡುತ್ತವೆ.

“ಸುಡುವಾಗ ಎಂತ ಕೇಳ್ತಾ ಇತ್ತು, ವಿಚಾರಿಸಿದ್ದೀರಾ?” ಎಂದು ಅವರು ಕೇಳಿದರು.

ವಾರಿಜಾಕ್ಷಿಗೆ ನೆನಪಿತ್ತು. ಅಧ್ಯಕ್ಷರು ಕೆಲಸ ಒಪ್ಪಿಸಿದ ಮೇಲೆ ಮೂರೂ ಕಡೆ ಹೋಗಿ ವಿಚಾರಿಸಿದ್ದಳು. ಬಂಟ್ವಾಳದಲ್ಲಿ ಸ್ಯಾಕ್ಸೊಫೋನಿನವರು ತಾರಸ್ಥಾಯಿಗೆ ಏರಿದಾಗ ಹೊಗೆ ಬಂದದ್ದು. ಬೆಳ್ತಂಗಡಿಯಲ್ಲಿ ಕಂಚಿನ ಚಕ್ರತಾಳ ಜೋರಾದಾಗ. ಮೂಡುಬಿದಿರೆಯಲ್ಲಿ ಒಬ್ಬ ಹುಡುಗ ಮೈಕು ಕಸಿದು ಶಿಳ್ಳೆ ಹೊಡೆದಾಗ. ಹಾರ್ನು ಕಳಚಿದ ಕೂಡಲೇ ಸುಟ್ಟಿರಲಿಲ್ಲ, ಬಹಳ ಹೊತ್ತಿನ ಮೇಲೆ ಸುಟ್ಟದ್ದು. ಅದಕ್ಕೇ ಒಂದಕ್ಕೂ ಇನ್ನೊಂದಕ್ಕೂ ಯಾರೂ ಗಂಟು ಹಾಕಿರಲಿಲ್ಲ.

ಹಾಗಾದರೆ ಸುಟ್ಟದ್ದು ಶಿವಕೃಷ್ಣನೇ. ಆದರೆ ಗೊತ್ತಿದ್ದು ಸುಟ್ಟದ್ದಾ, ಗೊತ್ತಿಲ್ಲದೆಯಾ?

ಈ ವಿಷಯ ಬೇರೆ ಯಾರಿಗೆ ಹೇಳಿದ್ದೀರಿ ಎಂದು ಅವಳು ಕೇಳಿದಳು. ಹೇಳದ ಮನುಷ್ಯನೇ ಇಲ್ಲ ಎಂದು ಮಾಷ್ಟ್ರು ನಿಟ್ಟುಸಿರು ಬಿಟ್ಟರು. ಹಾಲಿನವನಿಗೆ ಹೇಳಿದ್ದಾರೆ, ಪ್ರಿನ್ಸಿಪಾಲರಿಗೆ ಹೇಳಿದ್ದಾರೆ, ಹಲ್ಲು ಕೀಳಿಸಲು ಹೋದಾಗ ಡಾಕ್ಟರರಿಗೂ ಹೇಳಿದ್ದಾರೆ. ಎಲ್ಲರೂ ಸುರುಳಿ ಬರುವಷ್ಟರಲ್ಲಿ ಎದ್ದು ಹೋಗುತ್ತಾರೆ, ಜೋಕಾಲಿಯ ತನಕ ನಿಂತವರಿಲ್ಲ. ಶಿವಕೃಷ್ಣನಿಗೂ ಹೇಳಹೊರಟರೆ ಅವನು ಗಾಡಿ ಸ್ಟಾರ್ಟ್ ಮಾಡಿದ್ದ.

“ಕೊನೆಯ ತನಕ ಕೇಳಿದ್ದು ಒಬ್ಬಳೇ. ಪ್ರಶ್ನೆಯೂ ಕೇಳಿದಳು. ಹಾರ್ನು ತೆಗೆಯಲೇಬೇಕಾದರೆ ಮೊದಲು ಎಂತ ಮಾಡಬೇಕು ಸರ್, ಅಂತ. ಮೊದಲು ವಾಲ್ಯೂಮ್ ಸೊನ್ನೆಗೆ ತರಬೇಕು ಅಂದೆ. ನನ್ನ ಕ್ಲಾಸಿನಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿದ್ದಿಲ್ಲ ಮಾರಾಯ್ರೆ.”

“ಯಾರು?”

“ಶುಭಶ್ರೀ. ಶಿವಕೃಷ್ಣನ ಹೆಂಡತಿ.”

ಪೆಟ್ಟಿಗೆ ರಿಪೇರಿಗೆ ಕೊಟ್ಟದ್ದನ್ನು ಒಯ್ಯಲು ಬಂದಿದ್ದಳಂತೆ. ಬೆಳ್ತಂಗಡಿಯ ತಾಳಮದ್ದಳೆ ಆದ ಮೇಲೆ, ಮೂಡುಬಿದಿರೆಯ ಕಾರ್ಯಕ್ರಮಕ್ಕೆ ಮುಂಚೆ.

*

ಬಂಟ್ವಾಳದ ಬಸ್ಸಿನಲ್ಲಿ ವಾರಿಜಾಕ್ಷಿ ಒಬ್ಬಳೇ ಇರಲಿಲ್ಲ. ಮಾಷ್ಟ್ರು ಜೋಕಾಲಿಯ ಮುಂದಿನ ಭಾಗ ಬಾಕಿ ಇದೆಯೆಂದು, ಬಲ್ಬು ಮತ್ತು ತಂತಿಗಳನ್ನು ಚೀಲಕ್ಕೆ ತುಂಬಿ, ಕರೆಯದೆ ಹತ್ತಿದ್ದರು. ಅವಳು ಫೋನು ಕಿವಿಗಿಟ್ಟುಕೊಂಡದ್ದರಿಂದ ಕಂಡಕ್ಟರನಿಗೆ ಹೇಳತೊಡಗಿದರು. ಕಂಡಕ್ಟರ್ ಟಿಕೇಟು ಹರಿದು ಕೊಟ್ಟು, ಖಾಲಿ ಇದ್ದ ಹಿಂದಿನ ಸೀಟುಗಳಿಗೆ ಟಿಕೇಟು ಕೊಡಲು ಹೋದ.

ಮೊದಲ ಫೋನು ಮೂಡುಬಿದಿರೆಯ ಕಾರ್ಯಕ್ರಮ ಮಾಡಿಸಿದ ಹುಡುಗಿಗೆ. ಅವತ್ತು ಸೌಂಡು ಕಡಿಮೆ ಮಾಡಲು ಯಾರಾದರೂ ಹೇಳಿದ್ದರಾ? ಹುಡುಗಿಗೆ ನಗು ಬಂತು. ಕಡಿಮೆ ಮಾಡಲು ಹೇಳುವವರು ಅಲ್ಲಿಗೆ ಯಾಕೆ ಬರುತ್ತಾರೆ ಆಂಟಿ, ನಾವು ಜಾಸ್ತಿ ಮಾಡಿ ಎಂದು ಕೂಗುತ್ತಿದ್ದೆವು ಅಂದಳು.

ಎರಡನೆಯ ಫೋನು ಶುಭಶ್ರೀಗೆ. ವಿಟ್ಲದ ತವರುಮನೆಯಲ್ಲಿದ್ದಳು. ಹೌದು, ಮಾಷ್ಟ್ರು ಹೇಳಿದ್ದನ್ನು ಕೇಳಿದ್ದೆ, ಅದೇ ದಿನ ಇವರಿಗೆ ಹೇಳಿದೆ ಅಂದಳು. ಕೆಸುವಿನೆಲೆಯ ಪತ್ರೊಡೆ ಬಡಿಸುವಾಗ ಹೇಳಿದ್ದು. ಹಾರ್ನು ತೆಗೆಯುವ ಮೊದಲು ವಾಲ್ಯೂಮ್ ಇಳಿಸಬೇಕಂತೆ, ಇಲ್ಲದಿದ್ದರೆ ಆಂಪ್ಲಿಫೈಯರ್ ಸುಡುತ್ತದಂತೆ, ಎಂದು ಬಿಡಿಸಿ ಹೇಳಿದ್ದಳು.

“ಅವನು ಎಂತ ಹೇಳಿದ?”

“ಹೂಂ ಅಂದರು.”

“ಎಂಥ ಹೂಂ?”

“ಪತ್ರೊಡೆ ತಿನ್ನುವಾಗಿನ ಹೂಂ, ಅಕ್ಕ. ನಿಮಗೆ ಗೊತ್ತುಂಟಲ್ಲ.”

ವಾರಿಜಾಕ್ಷಿಗೆ ಗೊತ್ತಿತ್ತು. ಅಂಥ ಹೂಂ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ. ಗಂಡ ಹೂಂ ಅಂದದ್ದಕ್ಕೆ ಹೆಂಡತಿಯ ಮಾತು ಕೇಳಿದ್ದಾನೆ ಎಂದು ನಂಬುವ ಜಡ್ಜು ಈ ಜಿಲ್ಲೆಯಲ್ಲಿ ಸಿಗಲಾರ.

ಆದರೆ ಎಲ್ಲವೂ ನಿಂತದ್ದು ಆ ಹೂಂ ಮೇಲೆ. ಶಿವಕೃಷ್ಣ ಹೆಂಡತಿಯ ಮಾತು ಕೇಳಿಸಿಕೊಳ್ಳದಿದ್ದರೆ ಮೂರೂ ಸಲ ಸುಟ್ಟದ್ದು ಬರೀ ಮೊಂಡುತನ. ಪಾಲುದಾರನ ಹತ್ತಿರ ಎರಡು ಮಾತಾಡಲು ಆಗದ ಮನುಷ್ಯನ ಕಥೆ. ಕೇಳಿಸಿಕೊಂಡಿದ್ದರೆ ಮೂಡುಬಿದಿರೆಯಲ್ಲಿ, ಯಾರೂ ಕೇಳದೆ, ಶಿಳ್ಳೆ ಹೊಡೆಯುವ ಹುಡುಗರ ನಡುವೆ, ಗೊತ್ತಿದ್ದೇ ಹಾರ್ನು ಕಳಚಿದ್ದಾನೆ.

ಗಂಡ ಹೆಂಡತಿಯ ಮಾತು ಕೇಳಿದ್ದಾನಾ ಇಲ್ಲವಾ? ಇಷ್ಟು ವರ್ಷದ ಪೊಲೀಸ್ ಕೆಲಸದಲ್ಲಿ ಇಷ್ಟು ಕಷ್ಟದ ಪ್ರಶ್ನೆ ಅವಳಿಗೆ ಬಂದಿರಲಿಲ್ಲ. ಶುಭಶ್ರೀಗೆ, ಸಿಕ್ಕಿದ ಬಸ್ಸು ಹತ್ತಿ ಅಂಗಡಿಗೆ ಬಾ ಎಂದು ಹೇಳಿ ಫೋನಿಟ್ಟಳು.

*

ಅಂಗಡಿಯಲ್ಲಿ ಉಳಿದಿದ್ದದ್ದು ಒಂದೇ ಆಂಪ್ಲಿಫೈಯರ್. ಸುಲೈಮಾನ್ ಅದನ್ನು ಮೇಜಿನ ಮೇಲಿಟ್ಟುಕೊಂಡು, ಕಾಯಿಲೆಯ ಮಗುವನ್ನು ಕಾಯುವವನ ಹಾಗೆ ಕೂತಿದ್ದ. ಶಿವಕೃಷ್ಣ ಬಾಗಿಲಿಗೆ ಒರಗಿ ರಸ್ತೆ ನೋಡುತ್ತಿದ್ದ. ಮಾತು ನಿಂತಿತ್ತು. ಕನ್ನಡವೂ ಮುಗಿದಿತ್ತು.

ಸಭೆಗೆ ಇನ್ನು ಒಂದು ಗಂಟೆಯೂ ಇರಲಿಲ್ಲ.

ವಾರಿಜಾಕ್ಷಿ ಇಬ್ಬರನ್ನೂ ವ್ಯಾನಿನಿಂದ ಹಾರ್ನು ತರಲು ಅಟ್ಟಿದಳು. ಅವರು ಹೋದ ಕೂಡಲೇ ಮಾಷ್ಟ್ರು, ಈ ಆಂಪ್ಲಿಫೈಯರೂ ಸುಡದಿರಲೆಂದು, ಮೇಜಿನ ಅಡಿಯಲ್ಲಿ ತಂತಿಯ ನಡುವೆ ಸ್ಕೂಟರಿನ ಬಲ್ಬು ಸಿಕ್ಕಿಸಿ, ಅದು ಕಾಣದ ಹಾಗೆ ಮೈ ಒರೆಸುವ ಒಂದು ಬೈರಾಸು ಮುಚ್ಚಿದರು. ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತಾ ಶುಭಶ್ರೀಯೂ ಬಂದಳು. ಒಂದು ಶಬ್ದವೂ ಆಡಬಾರದೆಂದು ವಾರಿಜಾಕ್ಷಿ ಅವಳಿಗೆ ಬೆರಳು ತೋರಿಸಿದಳು. ಮಾಷ್ಟ್ರಿಗೂ ತೋರಿಸಿದಳು. ಅವರಿಗೆ ಎರಡು ಸಲ ತೋರಿಸಬೇಕಾಯಿತು.

ಹಾರ್ನು ಬಂತು. ಶಿವಕೃಷ್ಣ ಹೆಂಡತಿಯನ್ನು ನೋಡಿದ, ಮಾಷ್ಟ್ರನ್ನು ನೋಡಿದ, ಏನೂ ಕೇಳಲಿಲ್ಲ. ತಾನೇ ವಯರ್ ಸಿಕ್ಕಿಸಿ ಸ್ಕ್ರೂ ಬಿಗಿದ. ಸುಲೈಮಾನ್ ಆಂಪ್ಲಿಫೈಯರ್ ಹಾಕಿ ವಾಲ್ಯೂಮ್ ಏರಿಸಿದ. ಮೊಬೈಲಿನಿಂದ ಸ್ಯಾಕ್ಸೊಫೋನು ಬಂತು. ಮಂಗಳವಾದ್ಯ ಅಂಗಡಿಯಲ್ಲೆಲ್ಲ ತುಂಬಿ ರಸ್ತೆಗೂ ಹರಿಯಿತು. ಹೊರಗೆ ಹೋಗುತ್ತಿದ್ದವನೊಬ್ಬ ಯಾರಿಗೆ ಮದುವೆ ಎಂದು ಇಣುಕಿದ.

“ಶಿವಕೃಷ್ಣ,” ಎಂದಳು ವಾರಿಜಾಕ್ಷಿ. “ಆ ಹಾರ್ನಿನ ವಯರ್ ಕಳಚು. ನೀನು ಯಾವಾಗಲೂ ಕಳಚುವ ಹಾಗೆ.”

ಇದೇನು ದೊಡ್ಡದು ಎನ್ನುವಂತೆ ಅವನು ಪೆಟ್ಟಿಗೆಯ ಹಿಂದೆ ಬಗ್ಗಿದ. ಸ್ಕ್ರೂವಿಗೆ ಬೆರಳು ಹಚ್ಚಿದ. ಸ್ಯಾಕ್ಸೊಫೋನು ಒಂದೊಂದೇ ಮೆಟ್ಟಿಲು ಮೇಲೆ ಹತ್ತುತ್ತಿತ್ತು.

ಬೆರಳು ಅಲ್ಲೇ ನಿಂತಿತು.

ಅವನು ತಲೆಯೆತ್ತಿ ಮೇಜಿನ ಮೇಲಿದ್ದ ಆಂಪ್ಲಿಫೈಯರನ್ನು ನೋಡಿದ. ಕೊನೆಯದು ಅದು. ಅದರ ಹಿಂದೆ ಕೂತಿದ್ದ ಸುಲೈಮಾನನನ್ನು ನೋಡಿದ. ಆಮೇಲೆ ಎದ್ದು, ಮೇಜಿನ ಹತ್ತಿರ ಬಂದು, ಧೂಳು ಒರೆಸುವಾಗಲೂ ಮುಟ್ಟದ ಆ ನಾಬನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಸೊನ್ನೆಗೆ ತಿರುಗಿಸಿದ. ಮಂಗಳವಾದ್ಯ ನಿಂತಿತು.

ವಾಪಸು ಹೋಗಿ ವಯರ್ ಕಳಚಿದ. ಅದನ್ನು ಅಂಗೈಗೆ ಸುತ್ತಿ, ಅಚ್ಚುಕಟ್ಟಾಗಿ ಪೆಟ್ಟಿಗೆಯ ಮೇಲಿಟ್ಟ.

ಮೊದಲು ಬಾಯಿ ಬಿಟ್ಟದ್ದು ಶುಭಶ್ರೀ. “ಹಾಗಾದರೆ ಕೇಳಿಸಿತ್ತು ನಿಮಗೆ.” ಅವಳ ಸ್ವರದಲ್ಲಿ ಸಿಟ್ಟು ಎಷ್ಟು, ಆಶ್ಚರ್ಯ ಎಷ್ಟು ಎಂದು ಹೇಳುವುದು ಕಷ್ಟವಿತ್ತು. ಮದುವೆಯಾದಂದಿನಿಂದ ಅವಳು ಹೇಳಿದ ಮಾತುಗಳಲ್ಲಿ ಗಂಡನ ಕಿವಿಯೊಳಗೆ ಹೋಗಿ ಉಳಿದದ್ದು ಇದೊಂದೇ. ಅದೂ ಈ ಕೆಲಸಕ್ಕೆ.

ವಾರಿಜಾಕ್ಷಿ ಸುತ್ತುಬಳಸದೆ ಹೇಳಿದಳು. ಮೊದಲಿನ ಎರಡು ಗೊತ್ತಿಲ್ಲದೆ ಆದದ್ದು, ಅದನ್ನು ತಾನು ಸಭೆಯಲ್ಲೂ ಹೇಳುತ್ತೇನೆ. ಆದರೆ ಮೂಡುಬಿದಿರೆಯದ್ದು ಹಾಗಲ್ಲ. ಅಲ್ಲಿ ಯಾರೂ ಸೌಂಡು ಕಡಿಮೆ ಮಾಡಲು ಕೇಳಿರಲಿಲ್ಲ, ಹಾರ್ನು ಕಳಚಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಕಳಚಿದ. ಸುಟ್ಟ ಮೇಲೆ ಪಾಲುದಾರನ ತಲೆಗೆ ಕಟ್ಟಿದ.

ಶಿವಕೃಷ್ಣ ಪೆಟ್ಟಿಗೆಯ ಸಡಿಲಾಗಿದ್ದ ಸ್ಕ್ರೂವನ್ನು ಬಿಗಿದ.

ಸುಲೈಮಾನ್ ಕುರ್ಚಿಯಿಂದ ಎದ್ದಿದ್ದ. ಗೆದ್ದವನ ಮುಖ ಅವನದ್ದಾಗಿರಲಿಲ್ಲ. ಬೆಳಿಗ್ಗೆಯಿಂದ ಅವನು ಕನ್ನಡದಲ್ಲಿ ಕೂಗಾಡಿದ್ದನಷ್ಟೇ. ಈಗ ಮೆಲ್ಲಗೆ ತುಳುವಿನಲ್ಲಿ ಕೇಳಿದ.

“ದಾಯೆಗ್ ಮಾರಾಯ?”

ಯಾಕೆ ಎನ್ನುವ ಆ ಒಂದು ಪ್ರಶ್ನೆಗೆ ಶಿವಕೃಷ್ಣ ತಲೆಯೆತ್ತಿದ. ಅವನು ತುಳುವಿನಲ್ಲಿ ಉತ್ತರ ಕೊಡುತ್ತಾನೆಂದು ಎಲ್ಲರೂ ಕಾದರು. ಅವನು ಬೈರಾಸನ್ನು, ಅದರಡಿಯ ಬಲ್ಬಿನ ಉಬ್ಬನ್ನು ನೋಡಿದ, ತುಟಿಯ ಮೂಲೆಯಲ್ಲಿ ನಕ್ಕ ಹಾಗೆ ಕಂಡಿತು. ಆಮೇಲೆ ಚಪ್ಪಲಿ ಮೆಟ್ಟಿದ.

“ಚಾ ಹೇಳಿ ಬರ್ತೇನೆ,” ಎಂದ. ಕನ್ನಡದಲ್ಲಿ.

ಹೋಗಲಿ, ಅಳಬೇಕಾದರೆ ಅತ್ತು ಬರಲಿ ಎಂದು ವಾರಿಜಾಕ್ಷಿ ತಡೆಯಲಿಲ್ಲ. ಅವನ ಸ್ಕೂಟರು ಬಾಗಿಲಲ್ಲೇ ನಿಂತಿತ್ತು, ಕೀಲಿ ಅದರಲ್ಲೇ ನೇತಾಡುತ್ತಿತ್ತು. ಎಲ್ಲಿಗೆ ಹೋಗುತ್ತಾನೆ? ಮೌನ ತಡೆಯಲಾರದೆ ಮಾಷ್ಟ್ರು ಶುಭಶ್ರೀಗೆ, ನಾಲ್ಕು ಓಮಿನ ಹಾರ್ನು ಹಾಕಿದ್ದರೆ ಏನಾಗುತ್ತಿತ್ತು ಎಂದು ವಿವರಿಸತೊಡಗಿದರು. ಅವಳು ಕೇಳಲಿಲ್ಲ. ಅವಳೂ ಹೂಂ ಅಂದಳು.

ಅಷ್ಟರಲ್ಲೇ ಪಕ್ಕದ ಹೋಟೆಲಿನ ಅಬ್ದುಲ್ಲ ಚಾ ತಂದು ಮೇಜಿನ ಮೇಲಿಟ್ಟ. ವಾರಿಜಾಕ್ಷಿ ಒಂದು ಲೋಟ ತೆಗೆದುಕೊಂಡಳು, ಮಾಷ್ಟ್ರಿಗೊಂದು, ಶುಭಶ್ರೀಗೊಂದು, ಸುಲೈಮಾನನಿಗೊಂದು. ತಟ್ಟೆ ಖಾಲಿಯಾಯಿತು.

ಶಿವಕೃಷ್ಣನದ್ದೆಲ್ಲಿ ಎಂದು ಅವಳು ಕೇಳಿದಳು.

“ಅವರು ನಾಲ್ಕೇ ಹೇಳಿದ್ದು ಅಕ್ಕ.”

“ಈಗ ಬಂದು ಹೇಳಿದನಾ?”

“ಈಗ ಅಲ್ಲ. ಬೆಳಿಗ್ಗೆ. ನೀವು ಆ ಪೆಟ್ಟಿಗೆ ಹಿಡಕೊಂಡು ಮೂಡುಬಿದಿರೆ ಬಸ್ಸು ಹತ್ತಿದಿರಲ್ಲ, ಆಗ ಬಂದು ಹೇಳಿದ್ದು. ಅಕ್ಕ, ಮಾಷ್ಟ್ರು, ಶುಭಶ್ರೀ, ಸುಲೈಮಾನ್, ನಾಲ್ಕು ಚಾ. ಸಂಜೆ ನಾನು ಅಂಗಡಿಯಿಂದ ಹೊರಗೆ ಬಂದ ಕೂಡಲೇ ಒಳಗೆ ಕೊಡು ಅಂತ.”

ವಾರಿಜಾಕ್ಷಿಯ ಕೈಯಲ್ಲಿ ಲೋಟ ಬಿಸಿಯಾಗಿತ್ತು, ಅವಳಿಗೆ ಗೊತ್ತಾಗಲಿಲ್ಲ. ಬೆಳಿಗ್ಗೆಯೇ ಅವನಿಗೆ ಗೊತ್ತಿತ್ತು. ಮಾಷ್ಟ್ರು ಏನು ತೋರಿಸುತ್ತಾರೆ, ಯಾರ ಹೆಸರು ಹೇಳುತ್ತಾರೆ, ಯಾರು ಯಾರು ಬಂದು ಇಲ್ಲಿ ಕೂರುತ್ತಾರೆ, ಎಲ್ಲವೂ. ಹಾಗಿದ್ದ ಮೇಲೆ ಆ ಬೆರಳು ಮರೆತು ನಾಬಿಗೆ ಹೋದದ್ದಲ್ಲ. ಗೊತ್ತಿಲ್ಲದವನ ಹಾಗೆ ಸುಮ್ಮನೆ ವಯರ್ ಎಳೆದಿದ್ದರೆ ಅವಳ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಅವಳು ಹಾಕಿದ ಬಲೆಗೆ ಶಿವಕೃಷ್ಣ ಬಿದ್ದಿರಲಿಲ್ಲ. ನೋಡಿಕೊಂಡು ಬಂದು ಕೂತಿದ್ದ. ಬೆಳಿಗ್ಗೆ ಪಾಲುದಾರನನ್ನು ಮುಳುಗಿಸುತ್ತೇನೆಂದು ಕೂಗಿದವನು, ಸಭೆಗೆ ಸ್ವಲ್ಪ ಮುಂಚೆ ತನ್ನ ಕೈಯಾರೆ ಅವನನ್ನು ದಡ ಹತ್ತಿಸಿ ಹೋಗಿದ್ದ.

ಎಲ್ಲಿಗೆ ಹೋದ ಎಂದು ಅವಳು ಅಬ್ದುಲ್ಲನನ್ನು ಕೇಳಿದಳು. ಬೆಳ್ತಂಗಡಿ ಬಸ್ಸು ಹೊರಡುತ್ತಿತ್ತು, ಓಡಿ ಹತ್ತಿದರು ಎಂದ ಅಬ್ದುಲ್ಲ.

ಸುಲೈಮಾನ್ ತನ್ನ ಚಾ ಕುಡಿದಿರಲಿಲ್ಲ. ಕಪಾಟಿನಿಂದ ಒಂದು ಖಾಲಿ ಲೋಟ ತಂದು, ಚಾದಲ್ಲಿ ಅರ್ಧ ಅದಕ್ಕೆ ಸುರಿದು, ಮೇಲೆ ತಟ್ಟೆ ಮುಚ್ಚಿ, ಶಿವಕೃಷ್ಣನ ಕುರ್ಚಿಯ ಎದುರು ಇಟ್ಟ. ಐದು ಗಂಟೆಯಾಯಿತು. ಸಭೆಯಿಂದ ಅಬ್ದುಲ್ ರಹಿಮಾನರ ಫೋನು ಬಂತು, ಅವನು ಎತ್ತಲಿಲ್ಲ. ಬೆಳ್ತಂಗಡಿ ಕಡೆಯ ಬಸ್ಸುಗಳು ಒಂದೊಂದಾಗಿ ಬಂದು ಜನರನ್ನು ಇಳಿಸಿ ಹೋದವು. ತಟ್ಟೆಯ ಅಡಿಯಲ್ಲಿ ಚಾ ಆರಿ ಕೆನೆಗಟ್ಟಿತು. ಶಿವಕೃಷ್ಣ ಬರಲಿಲ್ಲ.